ಗಚಾಚಾ

ರುವಾಂಡದ ಕಿನ್ಯರ್ವಾಂಡ ಭಾಷೆಯ ಈ ಪದದ ಬೇರು ಇರುವುದು ಒಂದು ಜಾತಿಯ ಹುಲ್ಲಿನ ಹೆಸರಿನಲ್ಲಿ. ಊರಿನ ಹಿರಿಯರು ಹುಲ್ಲಿನ ಮೇಲೆ ಕೂತು ಜಮೀನು, ದನ, ಮದುವೆಯ ವ್ಯಾಜ್ಯಗಳನ್ನು ತೀರ್ಮಾನಿಸುತ್ತಿದ್ದರು. ನಮ್ಮ ಅರಳಿಕಟ್ಟೆಯ ನ್ಯಾಯದ ಹಾಗೆ, ಕೂತ ಜಾಗವೇ ನ್ಯಾಯಕ್ಕೂ ಹೆಸರಾಯಿತು.

1994ರ ನರಮೇಧ ಈ ಪದದ ಹೊರೆಯನ್ನೇ ಬದಲಿಸಿತು. ಸುಮಾರು ನೂರು ದಿನಗಳಲ್ಲಿ ಲಕ್ಷಾಂತರ ಜನರ ಹತ್ಯೆಯಾಯಿತು. ಸತ್ತವರಲ್ಲಿ ಬಹುಪಾಲು ಟುಟ್ಸಿ ಸಮುದಾಯದವರು. ಆಮೇಲೆ ಜೈಲುಗಳಲ್ಲಿ ಲಕ್ಷಕ್ಕೂ ಮಿಕ್ಕಿ ಆರೋಪಿಗಳು ತುಂಬಿದರು. ಮಾಮೂಲಿ ಕೋರ್ಟುಗಳಿಗೆ ಅಷ್ಟು ಮೊಕದ್ದಮೆ ಮುಗಿಸುವುದು ಆಗದ ಮಾತಾಗಿತ್ತು. ಸರ್ಕಾರ ಹಳೆಯ ಹೆಸರಿನಲ್ಲೇ ಹೊಸ ನ್ಯಾಯಾಲಯಗಳನ್ನು ಕಟ್ಟಿತು. 2002ರಲ್ಲಿ ಪ್ರಯೋಗ, 2005ರಿಂದ ದೇಶವಿಡೀ, 2012ರ ಜೂನ್‌ನಲ್ಲಿ ಮುಕ್ತಾಯ. ಸುಮಾರು 12,000 ಗಚಾಚಾಗಳು 19 ಲಕ್ಷದಷ್ಟು ಪ್ರಕರಣಗಳನ್ನು ವಿಚಾರಿಸಿದವು. ವಕೀಲರಿರಲಿಲ್ಲ. ಊರವರೇ ಆರಿಸಿದ ನ್ಯಾಯಾಧೀಶರನ್ನು ‘ಇನ್ಯಾಂಗಮುಗಾಯೊ’ ಎನ್ನುತ್ತಿದ್ದರು, ಅಂದರೆ ಅಪ್ರಾಮಾಣಿಕತೆಯನ್ನು ದ್ವೇಷಿಸುವವರು. ತಪ್ಪೊಪ್ಪಿಕೊಂಡವರಿಗೆ ಶಿಕ್ಷೆ ಇಳಿಯುತ್ತಿತ್ತು. ಹೆಣಗಳನ್ನು ಎಲ್ಲಿ ಹೂತರೆಂಬ ಸತ್ಯ ಎಷ್ಟೋ ಮನೆಗಳಿಗೆ ತಲುಪಿದ್ದು ಈ ಸಭೆಗಳಿಂದಲೇ.

ಆದರೂ ಇದನ್ನು ‘ಕ್ಷಮೆಯ ನ್ಯಾಯಾಲಯ’ ಎಂದು ಹೊಗಳಿ ಮುಗಿಸುವುದು ಸರಿಯಲ್ಲ. ಬದುಕುಳಿದವರು ಕೊಲೆಗಾರರ ನೆಂಟರ ಎದುರೇ ಸಾಕ್ಷಿ ಹೇಳಬೇಕಿತ್ತು. ಆಗಿನ ಯುದ್ಧದಲ್ಲಿ ಗೆದ್ದು ಅಧಿಕಾರಕ್ಕೆ ಬಂದ ಪಕ್ಷದ ಸೈನಿಕರು ಮಾಡಿದ ಹತ್ಯೆಗಳು ಅಲ್ಲಿ ವಿಚಾರಣೆಗೆ ಬರಲೇ ಇಲ್ಲ.

ಕಿನ್ಯರ್ವಾಂಡದ ರೋಮನ್ ಬರವಣಿಗೆಯಲ್ಲಿ ‘ಸಿ’ ಅಕ್ಷರದ ಉಚ್ಚಾರ ‘ಚ’. ಆದ್ದರಿಂದ ಕನ್ನಡದಲ್ಲಿ ಬರೆಯುವವರು ‘ಗಕಾಕಾ’ ಎನ್ನದೆ ‘ಗಚಾಚಾ’ ಎಂದೇ ಬರೆಯಲಿ.