ಹಲೋ, ಯಾರು ಮಾತಾಡುವುದು?

ನಮ್ಮ ಘಣಸೋಲಿಯಲ್ಲಿ ಒಬ್ಬ ಹಿರಿಯರಿದ್ದಾರೆ. ಹೆಸರು ಬೇಡ, ಅವರೇ ಬೇಡವೆಂದಿದ್ದಾರೆ. ಕುಂದಾಪುರದ ಕಡೆಯವರು. ಫೋರ್ಟಿನ ಒಂದು ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕುಳಿತು, ಈಗ ಮಗನ ಮನೆಯಲ್ಲಿ ವಿಶ್ರಾಂತಿಯ ದಿನಗಳನ್ನು ಕಳೆಯುತ್ತಿರುವವರು. ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಅವರಿಗೊಂದು ಫೋನು ಬಂತು. ಬ್ಯಾಂಕಿನಿಂದ ಎಂದಿತು ಆ ಧ್ವನಿ. ಮೊದಲು ಹಿಂದಿ. ಹೆಸರು ಕೇಳಿದ ಮೇಲೆ, "ಹ್ವಾಯ್, ನಿಮ್ದ್ ಊರ್ ಯಾವ್ದ್ ಮರಾಯ್ರೆ?" ಎಂದು ಶುದ್ಧ ಕುಂದಾಪ್ರ ಕನ್ನಡ. ಅಷ್ಟು ಸಾಕಾಯಿತು. ಹತ್ತು ನಿಮಿಷದಲ್ಲಿ ಹುಟ್ಟಿದ ತಾರೀಕು, ಆಧಾರ್ ಸಂಖ್ಯೆ, ಕಾರ್ಡಿನ ಅಂಕೆಗಳು, ಕೊನೆಗೆ ಮೊಬೈಲಿಗೆ ಬಂದ ಆರಂಕಿಯ ಓಟಿಪಿ, ಎಲ್ಲವೂ ಆಚೆ ದಾಟಿದವು. ಜತೆಗೆ ಎಂಬತ್ತು ಸಾವಿರ ರೂಪಾಯಿಯೂ.

ಅವರು ದಡ್ಡರೆಂದು ಯಾರೂ ಭಾವಿಸಬಾರದು. ನೂರು ರೂಪಾಯಿಯ ಖೋಟಾ ನೋಟನ್ನು ಬೆರಳ ತುದಿಯಲ್ಲಿ ಗುರುತಿಸುತ್ತಿದ್ದ ಮನುಷ್ಯ. ಹಾಗಾದರೆ ಆ ಬೆರಳು ಫೋನಿನ ಮುಂದೆ ಮಾತ್ರ ಏಕೆ ಸೋತಿತು? ಈ ಪ್ರಶ್ನೆಯನ್ನು ಬೆನ್ನಟ್ಟಿ ಹೋದಾಗ, ನಮ್ಮ ಈ ಮಹಾನಗರದ ಟೆಲಿಫೋನಿನ ಚರಿತ್ರೆಯೇ ಅದಕ್ಕೆ ಉತ್ತರ ಕೊಡುತ್ತದೆಂದು ನಮಗೆ ತೋರಿತು.

ಮುಂಬಯಿಗೆ ಟೆಲಿಫೋನು ವಿನಿಮಯ ಕೇಂದ್ರ ಬಂದುದು 1882ರಲ್ಲಿ, ಖಾಸಗಿ ಕಂಪೆನಿಯ ಮೂಲಕ. 1943ರಲ್ಲಿ ಸರಕಾರ ಅದನ್ನು ವಹಿಸಿಕೊಂಡಿತು. ಬಹುಕಾಲ ಅದು ದೊಡ್ಡವರ ವಸ್ತುವಾಗಿಯೇ ಉಳಿಯಿತು. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕು. ಹಣವುಳ್ಳವರು 'ಓನ್ ಯುವರ್ ಟೆಲಿಫೋನ್' ಯೋಜನೆಯಲ್ಲಿ ಮುಂಗಡ ಕಟ್ಟಿ ಸರದಿ ಹಾರುತ್ತಿದ್ದರು. ಉಳಿದ ನಮಗೆ ಇದ್ದುದು ಹೋಟೆಲಿನ ಗಲ್ಲಾದ ಮೇಲಿನ ಕರಿಯ ಫೋನು. ಊರಿಗೆ ಬರೆಯುವ ಪತ್ರದಲ್ಲಿ ಆ ನಂಬರನ್ನು ಕೊಟ್ಟು ಪಕ್ಕದಲ್ಲಿ 'ಪಿಪಿ' ಎಂದು ಬರೆಯುತ್ತಿದ್ದೆವು. ಯಾರದೋ ಫೋನು, ದಯವಿಟ್ಟು ಕರೆಯಿರಿ ಎಂದು ಅದರ ತಾತ್ಪರ್ಯ.

ಊರಿನಿಂದ ಟ್ರಂಕ್ ಕಾಲ್ ಬಂತೆಂದರೆ ಎದೆ ಡವಡವ. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಅದರಲ್ಲಿ ಮೂರು ಜಾತಿ, ದರವೂ ಮೂರು. ಲೈಟ್ನಿಂಗ್ ಬಂದರೆ ಮನೆಯಲ್ಲಿ ಯಾರೋ ತೀರಿಕೊಂಡರೆಂದೇ ಅರ್ಥ. ಆಪರೇಟರ್ ಹೆಸರು ಕೇಳಿದರೆ ಹೆಸರು, ನಂಬರು ಕೇಳಿದರೆ ನಂಬರು, ಮರುಮಾತಿಲ್ಲದೆ ಹೇಳುತ್ತಿದ್ದೆವು. ಮೂರು ನಿಮಿಷದ ಲೆಕ್ಕ ಓಡುತ್ತಿರುವಾಗ ಮರುಪ್ರಶ್ನೆಗೆ ವ್ಯವಧಾನವೆಲ್ಲಿ? ನಮ್ಮ ಹಿರಿಯರು ಮೂವತ್ತು ವರ್ಷ ಮಾಡಿದ್ದು ಇದೇ ಕೆಲಸ. ಹುಡುಗರ ಮದುವೆ, ಹೆರಿಗೆ, ಸಾವಿನ ಸುದ್ದಿಗಳನ್ನು ಆ ಕರಿಯ ಫೋನಿನಿಂದ ಎತ್ತಿ ಅಡಿಗೆಮನೆಗೆ ಮುಟ್ಟಿಸಿದವರು ಅವರು. ಫೋನು ಸುಳ್ಳು ಹೇಳಿದ್ದನ್ನು ಅವರು ಕಂಡಿರಲಿಲ್ಲ.

ಇನ್ನೊಂದು ಸಂಗತಿ. ಆಗಿನ ಟೆಲಿಫೋನ್ ಡೈರೆಕ್ಟರಿಯಲ್ಲಿ ಚಂದಾದಾರರ ಹೆಸರು, ವಿಳಾಸ, ನಂಬರು ಎಲ್ಲವೂ ಅಚ್ಚಾಗುತ್ತಿದ್ದವು. ಅದರಲ್ಲಿ ತಮ್ಮ ಹೆಸರು ಬಂದುದನ್ನು ಬೆರಳಿಟ್ಟು ತೋರಿಸಿ ಹಿಗ್ಗಿದವರನ್ನು ನಾವು ಬಲ್ಲೆವು. ಗುಟ್ಟು ಕಾಯುವ ಹೊಣೆ ಇಲಾಖೆಯದು. ತನ್ನ ಕೈಗೆ ಬಂದ ಸಂದೇಶವನ್ನು ಹೊರಗೆಡಹುವ ನೌಕರನಿಗೆ 1885ರ ಟೆಲಿಗ್ರಾಫ್ ಕಾಯಿದೆಯಲ್ಲೇ ಶಿಕ್ಷೆ ಇತ್ತು. ಜನಸಾಮಾನ್ಯನು ಗುಟ್ಟು ಕಾಯಬೇಕೆಂದು ಆತನಿಗೆ ಯಾರೂ ಕಲಿಸಲಿಲ್ಲ, ಕಲಿಸುವ ಅಗತ್ಯವೂ ಇರಲಿಲ್ಲ.

ಮುಂದಿನದು ವೇಗದ ಕಥೆ. 1986ರ ಏಪ್ರಿಲ್ 1ರಂದು ಮಹಾನಗರ ಟೆಲಿಫೋನ್ ನಿಗಮ ಬಂತು, ಮೂಲೆಮೂಲೆಗೆ ಎಸ್‌ಟಿಡಿ ಬೂತುಗಳು ಬಂದವು, ರಾತ್ರಿಯ ಕಡಿಮೆ ದರಕ್ಕೆ ನಾವು ಸಾಲುಗಟ್ಟಿ ನಿಂತೆವು. 1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ಕಲಕತ್ತೆಯಿಂದ ದಿಲ್ಲಿಗೆ ಹೋಯಿತು. ಆಗ ಬಂದ ಕರೆಗೂ ದುಡ್ಡು ಕೊಡಬೇಕಾಗಿತ್ತು. 2003ರ ಮೇ ತಿಂಗಳಲ್ಲಿ ಬರುವ ಕರೆ ಉಚಿತವಾಯಿತು, ಹೋಗುವ ಕರೆಯೂ ಅಗ್ಗವಾಗುತ್ತಾ ಬಂತು. ಕಿರುಕುಳ ಬೆಳೆದುದು ಇದರ ಬೆನ್ನಲ್ಲೇ. ಕರೆ ದುಬಾರಿಯಾಗಿರುವವರೆಗೆ ಗುರುತಿಲ್ಲದ ಸಾವಿರ ಜನಕ್ಕೆ ಫೋನು ಮಾಡಿ ಒಬ್ಬನನ್ನು ಹಿಡಿಯುವ ವ್ಯಾಪಾರ ಗಿಟ್ಟುವಂತಿರಲಿಲ್ಲ. ಅಗ್ಗವಾದೊಡನೆ ಗಿಟ್ಟಿತು. ಕ್ರೆಡಿಟ್ ಕಾರ್ಡು ಬೇಕೆ, ಸಾಲ ಬೇಕೆ, ವಿಮೆ ಬೇಕೆ ಎಂದು ಊಟದ ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸುವ ಕಾಲ ಬಂತು.

ಇದನ್ನು ತಡೆಯಲೆಂದು 2007ರಲ್ಲಿ 'ಕರೆ ಬೇಡ' ಎಂಬವರ ರಾಷ್ಟ್ರೀಯ ಪಟ್ಟಿ ಬಂತು. ಹೆಚ್ಚು ಫಲ ಸಿಗಲಿಲ್ಲ. 2010ರಲ್ಲಿ ಆಗಿನ ಅರ್ಥಮಂತ್ರಿ ಪ್ರಣಬ್ ಮುಖರ್ಜಿಯವರು ಮುಖ್ಯವಾದ ಸಭೆಯೊಂದರಲ್ಲಿದ್ದಾಗ ಅವರಿಗೇ ಗೃಹಸಾಲ ಬೇಕೆ ಎಂದು ಒಂದು ಕರೆ ಬಂತಂತೆ! ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದ ಸುದ್ದಿ ಅದು. ದೇಶದ ಬೊಕ್ಕಸದ ಯಜಮಾನನಿಗೇ ಸಾಲ ಕೊಡಲು ಹೊರಟ ಆ ಹುಡುಗಿಯ ಧೈರ್ಯವನ್ನು ಮೆಚ್ಚಬೇಕು. ಅದೇ ವರ್ಷ ಡಿಸೆಂಬರ್ 1ರಂದು ಟ್ರಾಯ್ ಸಂಸ್ಥೆ ಬಿಗಿಯಾದ ಹೊಸ ನಿಯಮ ಹೊರಡಿಸಿತು. ಮಾರಾಟದ ಕರೆಗಳಿಗೆ 140ರಿಂದ ಆರಂಭವಾಗುವ ನಂಬರುಗಳು ಗೊತ್ತಾದವು. 1909ಕ್ಕೆ ಹೇಳಿ ಅಂಥ ಕರೆ ಬೇಡವೆನ್ನುವ ಸೌಲಭ್ಯ ಇಂದಿಗೂ ಇದೆ. ಆದರೆ ಈ ನಿಯಮಗಳೆಲ್ಲ ನಿಜವಾದ ವ್ಯಾಪಾರಿಗೆ. ಕಳ್ಳನು ಪರವಾನಗಿ ಪಡೆದು ಬರುವುದಿಲ್ಲವಷ್ಟೆ.

ಆ ಕಳ್ಳ ಎಲ್ಲೋ ದೂರದವನೆಂದು ತಿಳಿಯುವಂತಿಲ್ಲ. 2016ರ ಅಕ್ಟೋಬರ್ ಮೊದಲ ವಾರ ಠಾಣೆಯ ಪೊಲೀಸರು ನಮ್ಮದೇ ಜಿಲ್ಲೆಯ ಮೀರಾ ರೋಡಿನಲ್ಲಿ ಕಾಲ್ ಸೆಂಟರುಗಳ ಮೇಲೆ ದಾಳಿ ಮಾಡಿ 700ಕ್ಕೂ ಮಿಕ್ಕಿ ಜನರನ್ನು ತಡೆದು ವಿಚಾರಿಸಿದರು, 70 ಮಂದಿಯನ್ನು ಬಂಧಿಸಿದರು. ಅಲ್ಲಿದ್ದ ತರುಣ ತರುಣಿಯರು ರಾತ್ರಿಯಿಡೀ ಅಮೆರಿಕಕ್ಕೆ ಫೋನು ಮಾಡಿ, ತಾವು ಅಲ್ಲಿಯ ವರಮಾನ ತೆರಿಗೆಯ ಅಧಿಕಾರಿಗಳೆಂದೂ ಬಾಕಿ ಕಟ್ಟದಿದ್ದರೆ ಪೊಲೀಸರು ಬಾಗಿಲಿಗೆ ಬರುವರೆಂದೂ ಹೆದರಿಸಿ ಹಣ ಕೀಳುತ್ತಿದ್ದರು. ಅಲ್ಲಿ ಬೇಟೆಯಾದವರಲ್ಲಿ ವಯಸ್ಸಾದವರೂ, ಹೊಸದಾಗಿ ವಲಸೆ ಹೋದವರೂ ಬಹಳ. ಪರಸ್ಥಳದಲ್ಲಿ ಬಾಳುವವನಿಗೆ ಸರಕಾರದ ಹೆಸರು ಕೇಳಿದರೆ ಇರುವ ಅಳುಕು ನಮಗೆ ಹೊಸದೇ? ರೇಷನ್ ಕಾರ್ಡಿಗಾಗಿ ನಿಂತ ಸಾಲನ್ನು ನಾವಿನ್ನೂ ಮರೆತಿಲ್ಲ.

ವಲಸಿಗನಿಗೆ ಇನ್ನೊಂದು ದೌರ್ಬಲ್ಯವುಂಟು, ಅದೇ ನಮ್ಮ ಹಿರಿಯರನ್ನು ಕೆಡವಿದ್ದು. 2004ರ ಕೊನೆಗೆ ಠಾಣೆ-ವಾಶಿ ಲೋಕಲು ಓಡತೊಡಗಿದ ಮೇಲೆ ರಬಾಳೆ, ಘಣಸೋಲಿ, ಕೋಪರ್‌ಖೈರಣೆಗಳಲ್ಲಿ ನಮ್ಮವರ ಮನೆಗಳು ಹೆಚ್ಚಿದುವು. ಮನೆ ದೊಡ್ಡದಾಯಿತು, ಗಲ್ಲಾದ ಸುತ್ತಣ ಗದ್ದಲ ಹೋಯಿತು. ಮಗ ಸೊಸೆ ಬೆಳಿಗ್ಗೆ ಹೊರಟರೆ ಬರುವುದು ರಾತ್ರಿಗೆ, ಮೊಮ್ಮಗುವಿನ ಬಾಯಲ್ಲಿ ಹಿಂದಿ, ಇಂಗ್ಲಿಷು. ಅಂಥ ಮಧ್ಯಾಹ್ನದಲ್ಲಿ "ನಿಮ್ದ್ ಊರ್ ಯಾವ್ದ್" ಎಂದು ಯಾರಾದರೂ ಕೇಳಿದರೆ ಸಂಶಯ ಹುಟ್ಟುವುದೆಂತು? "ನಾಲ್ಕು ತಿಂಗಳಲ್ಲಿ ನನ್ನೊಡನೆ ಅಷ್ಟು ಹೊತ್ತು ಮಾತಾಡಿದವನು ಅವನೊಬ್ಬನೇ" ಎಂದರು ಅವರು ನಮ್ಮಲ್ಲಿ. ಈ ಮಾತು ಕೇಳಿ ನಾವು ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಹೆಸರು, ನಂಬರು ಆ ದುಷ್ಟನಿಗೆ ಸಿಕ್ಕಿದ್ದಾದರೂ ಹೇಗೆ? ಈಗ ಡೈರೆಕ್ಟರಿ ಇಲ್ಲ, ಆದರೆ ಅಂಗಡಿಯ ಬಿಲ್ಲಿನಲ್ಲಿ, ಲಾಟರಿ ಚೀಟಿಯಲ್ಲಿ, ಸೊಸೈಟಿಯ ಗೇಟಿನ ಪುಸ್ತಕದಲ್ಲಿ ನಾವೇ ಬರೆದುಕೊಟ್ಟು ಬರುತ್ತೇವೆ. ಈ ಪಟ್ಟಿಗಳು ಕೈಯಿಂದ ಕೈಗೆ ಮಾರಾಟವಾಗುತ್ತವೆ. ಈ ವಿಷಯದಲ್ಲಿ ಕನ್ನಡಿಗರೊಬ್ಬರ ಹೆಸರನ್ನು ಇಲ್ಲಿ ಸ್ಮರಿಸಲೇಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಕದ ತಟ್ಟಿದರು. ಆಧಾರಿನ ಶಿಲ್ಪಿ ನಂದನ್ ನಿಲೇಕಣಿಯವರೂ ಬೆಂಗಳೂರಿನಲ್ಲೇ ಹುಟ್ಟಿದವರು ಎಂಬುದು ಒಂದು ಸ್ವಾರಸ್ಯ. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತರು. ಮರುವರ್ಷದ ಸೆಪ್ಟೆಂಬರ್ 26ರ ತೀರ್ಪು ಆಧಾರನ್ನು ಎತ್ತಿಹಿಡಿದರೂ, ಬ್ಯಾಂಕ್ ಖಾತೆಗೂ ಮೊಬೈಲಿಗೂ ಅದನ್ನು ಕಡ್ಡಾಯವಾಗಿ ಜೋಡಿಸಬೇಕೆಂಬುದನ್ನು ತೆಗೆದುಹಾಕಿತು. 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದೇ ಕಾಯಿದೆಯೂ ಆಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು. "ಆಧಾರ್ ಜೋಡಿಸದಿದ್ದರೆ ಇವತ್ತೇ ನಿಮ್ಮ ಫೋನು ಬಂದ್" ಎಂದು ಹೆದರಿಸುವ ಕರೆ ಮಾತ್ರ ನಮ್ಮ ಮನೆಗಳಿಗೆ ಈಗಲೂ ಬರುತ್ತಲೇ ಇದೆ.

ಓಟಿಪಿಯ ಹುಟ್ಟನ್ನೂ ತಿಳಿದಿರುವುದು ಒಳ್ಳೆಯದು. ಕಾರ್ಡು ಕೈಯಲ್ಲಿಲ್ಲದೆ ಅಂತರ್ಜಾಲದಲ್ಲಿ ನಡೆಯುವ ವ್ಯವಹಾರಕ್ಕೆ ಇನ್ನೊಂದು ಗುರುತು ಬೇಕೆಂದು ರಿಸರ್ವ್ ಬ್ಯಾಂಕು 2009ರಲ್ಲಿ ಕಡ್ಡಾಯ ಮಾಡಿತು. ಅದು ಹೆಚ್ಚಾಗಿ ಓಟಿಪಿಯ ರೂಪದಲ್ಲಿ ಬಂತು. ಎಂದರೆ ಅದು ನಮ್ಮ ಸಹಿ ಇದ್ದಂತೆ. ಹಣ ಹೋಗಲಿ ಎಂದು ನಾವು ಒಪ್ಪುವ ಸಹಿ. ಬ್ಯಾಂಕಿನವನಿಗೆ ಅದು ಬೇಕಿಲ್ಲ. ನಮ್ಮ ಜನ್ಮ ತಾರೀಕು ಅವನ ದಫ್ತರದಲ್ಲಿ ಆಗಲೇ ಇದೆ. ಕರೆ ಮಾಡಿದವನೇ ತಾನು ಯಾರೆಂದು ತೋರಿಸಬೇಕಲ್ಲದೆ, ಕರೆ ಸ್ವೀಕರಿಸಿದ ನಾವಲ್ಲ. ಫೋನು ಇಟ್ಟುಬಿಟ್ಟು, ಕಾರ್ಡಿನ ಹಿಂಬದಿಯಲ್ಲಿ ಅಚ್ಚಾದ ನಂಬರಿಗೆ ನಾವೇ ಕರೆ ಮಾಡಿದರೆ ನಿಜ ತಿಳಿಯುತ್ತದೆ. ಪರದೆಯ ಮೇಲೆ ಮೂಡುವ ನಂಬರನ್ನು ನಂಬುವಂತಿಲ್ಲ. ವಿದೇಶದಿಂದ ಬಂದೂ ಭಾರತದ ನಂಬರಿನ ವೇಷ ತೊಟ್ಟ ಕರೆಗಳನ್ನು ತಡೆಯುವ ಏರ್ಪಾಡನ್ನು 2024ರ ಅಕ್ಟೋಬರ್ 22ರಂದು ಸರಕಾರ ಜಾರಿಗೆ ತಂದಾಗ, ಮೊದಲ ಇಪ್ಪತ್ತನಾಲ್ಕು ಗಂಟೆಗಳಲ್ಲೇ 1.35 ಕೋಟಿ ಕರೆಗಳು ಸಿಕ್ಕಿಬಿದ್ದುವು.

ಹಣ ಹೋದ ಮೇಲೆ 1930ಕ್ಕೆ ಫೋನು ಮಾಡಬೇಕು. ದೂರು ಕೂಡಲೇ ಹಣ ಹೋದ ಬ್ಯಾಂಕಿಗೆ ಮುಟ್ಟುತ್ತದೆ. ಹಣ ಅಲ್ಲಿದ್ದರೆ ಅದನ್ನು ತಡೆದಿಡುತ್ತಾರೆ, ಮುಂದೆ ದಾಟಿದ್ದರೆ ಮುಂದಿನ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಹಣಕ್ಕೂ ದೂರಿಗೂ ನಡೆಯುವ ಓಟದ ಪಂದ್ಯ ಅದು. ನಮ್ಮ ಹಿರಿಯರು ಎರಡು ದಿನ ಬಾಯಿಬಿಡಲಿಲ್ಲ. ಮಗನಿಗೆ ಹೇಗೆ ಹೇಳುವುದು, ಸೊಸೆ ಏನೆಂದುಕೊಂಡಾಳು ಎಂದು ನಾಚಿಕೆ. ಮೂರನೆಯ ದಿನ ಊಟ ಸೇರದ್ದನ್ನು ಕಂಡು ಸೊಸೆಯೇ ಕೇಳಿದಳು. ಅವಳೇ 1930ಕ್ಕೆ ಫೋನು ಮಾಡಿದಳು, ಅವಳೇ ಪೊಲೀಸ್ ಠಾಣೆಗೂ ಜತೆಗೆ ಹೋದಳು. ಹಣ ಅಷ್ಟರಲ್ಲಿ ನಾಲ್ಕು ಕೈ ದಾಟಿತ್ತು. ಇನ್ನೂ ಬಂದಿಲ್ಲ.

ಈಗ ಮಧ್ಯಾಹ್ನ ಎರಡು ಗಂಟೆಗೆ ಸೊಸೆ ಆಫೀಸಿನಿಂದ ಅವರಿಗೊಂದು ಫೋನು ಮಾಡುತ್ತಾಳೆ. ಮೊನ್ನೆ ನಾವು ಅವರ ಮನೆಯಲ್ಲಿದ್ದಾಗಲೂ ಬಂತು. "ಹಲೋ, ಯಾರು ಮಾತಾಡುವುದು?" ಎಂದು ಹಿರಿಯರು ಗಲ್ಲಾದ ಗತ್ತಿನಲ್ಲೇ ಕೇಳಿದರು. ಆಚೆಯಿಂದ ಉತ್ತರ ಬಂದ ಮೇಲೂ ನಮ್ಮತ್ತ ಕಣ್ಣು ಮಿಟುಕಿಸಿ, "ನೀನೇ ಎಂದು ಏನು ಖಾತ್ರಿ? ಇವತ್ತು ಬೆಳಿಗ್ಗೆ ತಿಂಡಿಗೆ ಏನು ಮಾಡಿದ್ದೆ, ಹೇಳು" ಎಂದರು.