‘ಸೋಲು’ ಪದದ ಪೂರ್ವಾಪರ

1. ಪ್ರಶ್ನೆ

ಕನ್ನಡದಲ್ಲಿ ಕಬಡ್ಡಿ ತಂಡ ಸೋಲುತ್ತದೆ. ಬೆಟ್ಟ ಹತ್ತಿದ ಕಾಲು ಸೋಲುತ್ತದೆ. ಒಳ್ಳೆಯ ಕಂಠಕ್ಕೆ ಕೇಳುಗರ ಮನಸ್ಸು ಸೋಲುತ್ತದೆ. ಆದರೆ ಜೇಬಿನಲ್ಲಿದ್ದ ಬೀಗದಕೈ ಎಂದೂ ಸೋಲುವುದಿಲ್ಲ, ಅದು ಕಳೆದುಹೋಗುತ್ತದೆ. ಪರಾಜಯ, ಆಯಾಸ, ಮೋಹ ಎಂಬ ಮೂರು ದೂರದೂರದ ಅರ್ಥಗಳು ಒಂದೇ ಧಾತುವಿನಲ್ಲಿ ಹೇಗೆ ಕೂಡಿ ಬಾಳುತ್ತಿವೆ? ವಸ್ತು ಕೈಬಿಟ್ಟು ಹೋಗುವ ಅರ್ಥ ಮಾತ್ರ ಏಕೆ ಹೊರಗೇ ಉಳಿಯಿತು? ಪದದ ರೂಪ, ನೆರೆಭಾಷೆಗಳಲ್ಲಿನ ಅದರ ನಂಟರು ಮತ್ತು ಅದು ಬಯಸುವ ವಿಭಕ್ತಿ, ಈ ಮೂರನ್ನು ಒಟ್ಟಿಗೆ ಇಟ್ಟು ನೋಡಿದರೆ ಉತ್ತರದ ದಾರಿ ಕಾಣುತ್ತದೆ.

2. ರೂಪ

ಹಳಗನ್ನಡದಲ್ಲಿ ಧಾತು ‘ಸೋಲ್’. ಅದರ ಜೋಡಿ ‘ಗೆಲ್’. ಎರಡೂ ಲಕಾರದಲ್ಲಿ ಮುಗಿಯುತ್ತವೆ, ಆದರೂ ಹೊಸಗನ್ನಡಕ್ಕೆ ಬರುವಾಗ ಬೇರೆ ಬೇರೆ ದಾರಿ ಹಿಡಿದಿವೆ. ಹ್ರಸ್ವ ಸ್ವರದ ಮುಂದಿನ ಲಕಾರ ಇಮ್ಮಡಿಯಾಗಿ ಗೆಲ್ ‘ಗೆಲ್ಲು’ ಆಯಿತು. ದೀರ್ಘ ಸ್ವರದ ಮುಂದಿನ ಲಕಾರ ಒಂಟಿಯಾಗಿಯೇ ಉಳಿದು ಸೋಲ್ ‘ಸೋಲು’ ಆಯಿತು. ಕಲ್ ‘ಕಲ್ಲು’ ಆಗಿ ಕಾಲ್ ‘ಕಾಲು’ ಆದದ್ದು ಇದೇ ನಿಯಮದಿಂದ.

ಭೂತಕಾಲದ ರೂಪಗಳಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ. ‘ಗೆಲ್ದಂ’ ಎಂಬುದರಲ್ಲಿ ಲಕಾರ ಮುಂದಿನ ದಕಾರದಲ್ಲಿ ಕರಗಿ ‘ಗೆದ್ದ’ ಆಯಿತು. ‘ಸೋಲ್ತಂ’ ಎಂಬುದರಲ್ಲಿ ಲಕಾರ ಗುರುತೇ ಇಲ್ಲದಂತೆ ಬಿದ್ದುಹೋಗಿ ‘ಸೋತ’ ಉಳಿಯಿತು. ಇಂದು ಕನ್ನಡ ಮಾತಾಡುವವನಿಗೆ ಸೋಲು, ಸೋತ ಎರಡೂ ಒಂದೇ ಪದದ ರೂಪಗಳೆಂಬುದು ರೂಢಿಯಿಂದ ಗೊತ್ತು. ನಡುವೆ ಇದ್ದ ‘ಲ್ತ’ ಎಂಬ ಕೊಂಡಿ ಹಳೆಯ ಕಾವ್ಯಗಳಲ್ಲಿ ಮಾತ್ರ ಸಿಗುತ್ತದೆ. ಅಳತೆಯ ಹೆಸರಾದ ‘ಸೊಲಗೆ’ಗೂ ಈ ಧಾತುವಿಗೂ ಸಂಬಂಧವಿಲ್ಲ, ಉಚ್ಚಾರದ ಹೋಲಿಕೆಯನ್ನು ನಂಟು ಎಂದು ತಿಳಿಯಬಾರದು.

3. ನೆರೆಯ ನಂಟರು

ಬೇರು ಹುಡುಕುವ ಕೆಲಸ ಇಲ್ಲಿ ತುಸು ತೊಡಕಿನದು. ಅರ್ಥದಲ್ಲಿ ಹತ್ತಿರವಿರುವ ಪದ ಉಚ್ಚಾರದಲ್ಲಿ ದೂರವಿದೆ. ಉಚ್ಚಾರದಲ್ಲಿ ಹತ್ತಿರವಿರುವುದು ಅರ್ಥದಲ್ಲಿ ಬೇರೆ.

ತಮಿಳಿನಲ್ಲಿ ಪರಾಜಯಕ್ಕೆ ‘ತೋಲ್ವಿ’, ‘ಸೋತನು’ ಎನ್ನಲು ‘ತೋಱ್ಱಾನ್’. ಮಲಯಾಳದಲ್ಲಿ ‘ತೋಲ್ವಿ’, ‘ತೋಱ್ಱು’. ಅರ್ಥ ನಮ್ಮ ಸೋಲಿನದೇ, ಮೊದಲ ಅಕ್ಷರ ಮಾತ್ರ ತಕಾರ. ಇಷ್ಟರಿಂದಲೇ ಎರಡೂ ಒಂದು ಎನ್ನಲಾಗದು. ಆದರೆ ಕಾಲರೂಪಗಳನ್ನು ಎದುರುಬದುರು ಇಟ್ಟರೆ ಗುಮಾನಿ ಗಟ್ಟಿಯಾಗುತ್ತದೆ. ಕಲಿಯುವುದಕ್ಕೆ ತಮಿಳು ‘ಕಱ್ಱಾನ್’ ಎಂದರೆ ಹಳಗನ್ನಡ ‘ಕಲ್ತಂ’ ಎನ್ನುತ್ತದೆ. ಅದೇ ಅಚ್ಚಿನಲ್ಲಿ ತಮಿಳು ‘ತೋಱ್ಱಾನ್’, ಹಳಗನ್ನಡ ‘ಸೋಲ್ತಂ’. ಈ ಎರಡು ಜೋಡಿಗಳಲ್ಲೂ ತಮಿಳಿನ ‘ಱ್ಱ’ ಇರುವಲ್ಲಿ ಕನ್ನಡದ ‘ಲ್ತ’ ಬರುತ್ತಿದೆ. ಧಾತುವಿನ ಬಾಲ ಇಷ್ಟು ಕರಾರುವಾಕ್ಕಾಗಿ ಹೊಂದುವಾಗ ತಲೆಯ ವ್ಯತ್ಯಾಸವನ್ನು ಬೇರೆ ಬಗೆಯಲ್ಲಿ ವಿವರಿಸಿಕೊಳ್ಳಬೇಕಾಗುತ್ತದೆ.

ಅದಕ್ಕೆ ತುಳು ಒಂದು ಸುಳಿವು ಕೊಡುತ್ತದೆ. ತುಳುವಿನಲ್ಲಿ ಸೋಲುವುದು ‘ಸೋಪುನಿ’. ಅದೇ ಭಾಷೆಯ ಒಳನುಡಿಗಳಲ್ಲಿ ತಕಾರ ಸಕಾರಗಳು ಒಂದರ ಜಾಗದಲ್ಲಿ ಇನ್ನೊಂದು ಬರುತ್ತವೆ. ತಲೆ ಒಬ್ಬರಿಗೆ ‘ತರೆ’, ಇನ್ನೊಬ್ಬರಿಗೆ ‘ಸರೆ’. ನೋಡುವ ಕ್ರಿಯೆ ಒಂದು ಕಡೆ ‘ತೂ’, ಇನ್ನೊಂದು ಕಡೆ ‘ಸೂ’. ದ್ರಾವಿಡ ನಾಲಗೆಗೆ ಈ ಅದಲುಬದಲು ಹೊಸದಲ್ಲ ಎಂದು ಇದರಿಂದ ತಿಳಿಯುತ್ತದೆ. ಸೋಲಿನ ಜೋಡಿಪದದಲ್ಲೂ ಮೊದಲ ಅಕ್ಷರ ಸ್ಥಿರವಾಗಿಲ್ಲ: ತಮಿಳಿನ ‘ವೆಲ್’ ಕನ್ನಡದಲ್ಲಿ ‘ಗೆಲ್’, ತೆಲುಗಿನಲ್ಲಿ ‘ಗೆಲುಚು’.

ತೆಲುಗಿನಲ್ಲಿ ‘ಸೋಲು’ ಎಂಬ ಪದವೇ ಇದೆ. ಅದರ ಅರ್ಥ ಮಾತ್ರ ಮೈಮರೆಯುವುದು, ಮತ್ತೇರಿ ತೂಗಾಡುವುದು, ಮೂರ್ಛೆ ಹೋಗುವುದು. ಪರಾಜಯಕ್ಕೆ ತೆಲುಗರು ‘ಓಡು’, ‘ಓಟಮಿ’ ಎನ್ನುತ್ತಾರೆ. ಕನ್ನಡದಲ್ಲಿ ಓಡುವವನು ಗೆಲ್ಲಲೂಬಹುದು, ತೆಲುಗಿನಲ್ಲಿ ಓಡಿದವನು ಸೋತವನೇ. ರಣರಂಗಕ್ಕೆ ಬೆನ್ನು ತಿರುಗಿಸಿ ಓಡುವುದೇ ಪರಾಜಯ ಎಂಬ ಚಿತ್ರ ಆ ಪದದ ಹಿಂದೆ ಇದ್ದೀತು. ತೆಲುಗು ಪರಾಜಯವನ್ನು ಪಾದದಲ್ಲಿ ಕಂಡರೆ ಕನ್ನಡ ಅದನ್ನು ಇಡೀ ಮೈಯಲ್ಲಿ ಕಂಡಿತು. ತೆಲುಗು ಪದದ ಮೈಮರೆವನ್ನು ಸಾಕ್ಷಿಯಾಗಿ ತೆಗೆದುಕೊಂಡರೆ ಸೋಲಿನ ನಡುವಿನ ಅರ್ಥ ಹೀಗಿರಬಹುದು: ತನ್ನ ಮೇಲಿನ ತನ್ನ ಹಿಡಿತ ಸಡಿಲವಾಗುವುದು. ಈ ಊಹೆ ಕನ್ನಡದ ಬಳಕೆಯೊಳಗೆ ಎಷ್ಟು ನಿಲ್ಲುತ್ತದೆ ಎಂದು ಈಗ ಪರೀಕ್ಷಿಸಬೇಕು.

4. ಸೋತ ಮೈ

ಹೇಳಿ ಹೇಳಿ ಬಾಯಿ ಸೋಲುತ್ತದೆ. ಬೀಸಿ ಬೀಸಿ ರಟ್ಟೆ ಸೋಲುತ್ತದೆ. ಮದುವೆ ಮಾಡಿ ಮನೆ ಕಟ್ಟಿಸಿದವನಿಗೆ ಕೈ ಸೋಲುತ್ತದೆ, ಅಂದರೆ ದುಡ್ಡು ಬರಿದಾಗುತ್ತದೆ. ಇಲ್ಲೆಲ್ಲ ಎದುರಾಳಿ ಎಂಬುವನೇ ಇಲ್ಲ. ಇದನ್ನು ಪರಾಜಯದಿಂದ ಹುಟ್ಟಿದ ಉಪಮೆ ಎಂದು ತಳ್ಳಿಹಾಕುವ ಮೊದಲು ಜೋಡಿಪದದ ಕಡೆ ನೋಡಬೇಕು. ಜ್ವರ ಬಿಟ್ಟು ಎದ್ದ ಮಗುವನ್ನು ಕಂಡ ಅಜ್ಜಿ ‘ಇವತ್ತು ಗೆಲುವಾಗಿದೆ’ ಎನ್ನುತ್ತಾಳೆ. ಮಗು ಯಾರನ್ನೂ ಸೋಲಿಸಿಲ್ಲ, ಅದರ ಮೈಗೆ ಲವಲವಿಕೆ ಮರಳಿದೆ, ಅಷ್ಟೆ. ಗೆಲುವು ಮೈಯ ಕಳೆಯಾದರೆ ಸೋಲು ಮೈಯ ಬಳಲಿಕೆ. ಎರಡು ಪದಗಳೂ ರಣರಂಗದ ಆಚೆ ಒಂದೇ ಜಾಗದಲ್ಲಿ, ದೇಹದ ಸ್ಥಿತಿಯಲ್ಲಿ, ಮತ್ತೆ ಎದುರುಬದುರಾಗುತ್ತವೆ.

‘ಸೋತು ಸುಣ್ಣವಾದ’ ಎಂಬ ನುಡಿಗಟ್ಟನ್ನು ಇಲ್ಲಿ ಹತ್ತಿರದಿಂದ ನೋಡಬಹುದು. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಇಟ್ಟು ಸುಡುತ್ತಾರೆ. ಸುಟ್ಟ ಮೇಲೂ ಗಟ್ಟಿ ಆಕಾರ ಉಳಿಸಿಕೊಂಡೇ ಹೊರಬರುತ್ತದೆ, ತೂಕ ಮಾತ್ರ ಇಳಿದಿರುತ್ತದೆ. ಮೇಲೆ ನೀರು ಚಿಮುಕಿಸಿದರೆ ಬುಸುಗುಟ್ಟಿ, ಕಾವು ಏರಿ, ಬಿರಿದು, ನೋಡನೋಡುತ್ತಿದ್ದಂತೆ ಬಿಳಿ ಹುಡಿಯಾಗಿ ಕುಸಿಯುತ್ತದೆ. ಹೊರಗಿನ ಪೆಟ್ಟಿಗೆ ಒಡೆದದ್ದಲ್ಲ, ಒಳಗಿನ ಬಂಧವೇ ಬಿಟ್ಟುಹೋದದ್ದು. ನುಡಿಗಟ್ಟು ಸೋ-ಸು ಎಂಬ ಪ್ರಾಸದ ಬಲದಿಂದಲೂ ನಿಂತಿರಬಹುದು. ಆದರೂ ಬಿಸಿಲಲ್ಲಿ ಅಲೆದು ಬಂದು ಜಗಲಿಯ ಮೇಲೆ ಕುಸಿದವನಿಗೆ ಇದಕ್ಕಿಂತ ಒಪ್ಪುವ ಚಿತ್ರ ಸಿಗುವುದು ಕಷ್ಟ.

ಕೋರ್ಟು ಕಚೇರಿ ಅಲೆದವರ ಬಾಯಲ್ಲಿರುವ ಗಾದೆಯ ಚಮತ್ಕಾರ ನಿಂತಿರುವುದೂ ಈ ಅರ್ಥದ ಮೇಲೆಯೇ: ‘ಗೆದ್ದವ ಸೋತ, ಸೋತವ ಸತ್ತ.’ ಸೋಲಿಗೆ ಪರಾಜಯವೊಂದೇ ಅರ್ಥವಾಗಿದ್ದರೆ ಮೊದಲರ್ಧ ಬರೀ ವಿರೋಧವಾಗುತ್ತಿತ್ತು. ತೀರ್ಪಿನಲ್ಲಿ ಗೆದ್ದವನ ಕೈ ಸೋತಿದೆ, ಕಾಲು ಸೋತಿದೆ ಎಂಬುದನ್ನು ಗಾದೆ ಒಂದೇ ಪದದಲ್ಲಿ ಹಿಡಿದಿಟ್ಟಿದೆ.

5. ಸೋತ ಮನಸ್ಸು

ಹಳಗನ್ನಡ ಕಾವ್ಯದಲ್ಲಿ ‘ಸೋಲ’ ಎಂದರೆ ಮೋಹವೂ ಹೌದು. 1894ರಲ್ಲಿ ಹೊರಬಂದ ಕಿಟ್ಟೆಲ್ ನಿಘಂಟು ಈ ಧಾತುವಿಗೆ ಮೋಹಗೊಳ್ಳುವ ಅರ್ಥವನ್ನೂ ಪರಾಜಯದ ಅರ್ಥವನ್ನೂ ಕೊಡುತ್ತದೆ. ಜನ್ನ 13ನೆಯ ಶತಮಾನದ ಆರಂಭದಲ್ಲಿ ಬರೆದ ‘ಯಶೋಧರ ಚರಿತೆ’ಯ ಕಥೆ ಈ ಅರ್ಥದ ಕಡುರೂಪವನ್ನು ತೋರಿಸುತ್ತದೆ. ರಾಣಿ ಅಮೃತಮತಿ ರಾತ್ರಿ ಕೇಳಿಬಂದ ಮಾವುತನ ಹಾಡಿಗೆ ಮನಸೋಲುತ್ತಾಳೆ. ಹಾಡಿದವನು ಕುರೂಪಿ ಎಂದು ತಿಳಿದ ಮೇಲೂ ಮನಸ್ಸು ಹಿಂದಿರುಗುವುದಿಲ್ಲ. ಅವಳು ತನ್ನ ಕೈ ಮೀರಿ ಹೋಗಿದ್ದಾಳೆ.

ಕಣ್ಣು ಯುದ್ಧದಲ್ಲೂ ಸೋಲುತ್ತದೆ, ಪ್ರೀತಿಯಲ್ಲೂ ಸೋಲುತ್ತದೆ. ಪಂಪನ ‘ಆದಿಪುರಾಣ’ (941) ಹೇಳುವ ಭರತ-ಬಾಹುಬಲಿಯರ ಕಥೆಯಲ್ಲಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂಬ ಮೂರು ಹಣಾಹಣಿಗಳಿವೆ. ದೃಷ್ಟಿಯುದ್ಧದಲ್ಲಿ ಆಯುಧವಿಲ್ಲ, ರೆಪ್ಪೆ ಮಿಟುಕಿಸದೆ ನೋಡುತ್ತ ನಿಲ್ಲಬೇಕು. ರೆಪ್ಪೆಯ ಮೇಲಿನ ಹಿಡಿತ ಯಾರಿಗೆ ಮೊದಲು ತಪ್ಪುತ್ತದೋ ಅವನು ಸೋತ. ಪರಾಜಯ, ಆಯಾಸ, ಕಣ್ಣು ಮೂರೂ ಅಲ್ಲಿ ಒಂದೇ ಬಿಂದುವಿನಲ್ಲಿ ಸೇರುತ್ತವೆ.

ಮೋಹಕ್ಕೆ ಕನ್ನಡ ಕಟ್ಟಿಕೊಂಡ ಬೇರೆ ಮಾತುಗಳನ್ನು ಪಕ್ಕದಲ್ಲಿಟ್ಟರೆ ಸೋಲಿನ ಜಾಗ ತಿಳಿಯಾಗುತ್ತದೆ. ‘ಮನಸೂರೆಗೊಂಡ’ ಎಂಬುದರಲ್ಲಿ ಕೊಳ್ಳೆ ಹೊಡೆಯುವವನಿದ್ದಾನೆ. ‘ಮಾರುಹೋದ’ ಎಂಬುದು ಸಂತೆಯ ಮಾತು. ‘ಮನಗೆದ್ದ’ ಎಂಬಲ್ಲಿ ಗಮನವೆಲ್ಲ ಗೆದ್ದವನ ಮೇಲೆ. ‘ಮನಸೋತ’ ಎಂಬುದು ಮಾತ್ರ ಅನುಭವಿಸುವವನ ಒಳಗಿನಿಂದ ನೋಡುತ್ತದೆ, ಅಲ್ಲಿ ಎದುರಿನವರು ಏನನ್ನೂ ಮಾಡಬೇಕಾಗಿಲ್ಲ.

6. ಯಾರಿಗೆ ಸೋತದ್ದು, ಏನನ್ನು ಕಳೆದದ್ದು

ಈ ಅರ್ಥಗಳನ್ನು ಕೂಡಿಸಿ ಇಟ್ಟಿರುವುದು ಚತುರ್ಥೀ ವಿಭಕ್ತಿ. ‘ಶತ್ರುವಿಗೆ ಸೋತ’, ‘ರೂಪಕ್ಕೆ ಸೋತ’ ಎರಡರಲ್ಲೂ ಪ್ರತ್ಯಯ ಒಂದೇ. ವ್ಯಾಕರಣದ ಕಣ್ಣಿಗೆ ಶತ್ರುವೂ ಚೆಲುವೂ ಸಮ, ಯಾರ ಮುಂದೆ ಹಿಡಿತ ತಪ್ಪಿತೋ ಅವರಿಗೆ ಈ ಪ್ರತ್ಯಯ. ಸಂಸ್ಕೃತದಿಂದ ಬಂದ ಪರಾಜಯ, ಪರಾಭವಗಳು ಈ ಇಬ್ಬಗೆಯ ಅರ್ಥವನ್ನು ತರಲಿಲ್ಲ. ಚೆಲುವಿಗೆ ಯಾರೂ ಪರಾಭವಗೊಳ್ಳುವುದಿಲ್ಲ. ಹಾಗಾಗಿಯೇ ಅವು ಪತ್ರಿಕೆಯ ತಲೆಬರಹಕ್ಕೂ ಅಧಿಕೃತ ಬರಹಕ್ಕೂ ಒಗ್ಗಿದವು.

ವಸ್ತುಗಳ ಮಾತು ಬಂದಾಗ ಕನ್ನಡ ಬೇರೆ ಧಾತುವನ್ನು ಹಿಡಿಯುತ್ತದೆ: ‘ಕಳೆ’. ಚುನಾವಣೆಯ ಫಲಿತಾಂಶದ ದಿನ ಈ ಗೆರೆ ಎದ್ದು ಕಾಣುತ್ತದೆ. ಅಭ್ಯರ್ಥಿ ‘ಸೋತರು’, ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೆಯ ಒಂದು ಭಾಗಕ್ಕಿಂತ ಹೆಚ್ಚು ಸಿಗದಿದ್ದರೆ ‘ಠೇವಣಿಯನ್ನೂ ಕಳೆದುಕೊಂಡರು’. ಠೇವಣಿ ಸೋತರು ಎಂದು ಯಾರೂ ಬರೆಯುವುದಿಲ್ಲ. ವ್ಯಾಪಾರದಲ್ಲಿ ಹೋದದ್ದು ‘ನಷ್ಟ’ ಅಥವಾ ‘ಲುಕ್ಸಾನು’. ಸೋಲು ವಸ್ತುವಿಗೆ ಸೇರಿದ ಸಂಗತಿಯಲ್ಲ, ಆಳಿಗೆ ಸೇರಿದ್ದು ಎಂಬ ತಿಳಿವು ಭಾಷೆಯೊಳಗೇ ಇದೆ. ವೀರಗಲ್ಲುಗಳಲ್ಲಿ ತುರು ಬಿಡಿಸಲು ಹೋದವನು ಸಾಮಾನ್ಯವಾಗಿ ಕಾದಿ ‘ಸತ್ತ’ನೇ ಹೊರತು ‘ಸೋತ’ನಲ್ಲ. ಕಾಳಗದ ಚಿತ್ರದ ಮೇಲಿನ ಪಟ್ಟಿಕೆಯಲ್ಲಿ ಅವನನ್ನು ಅಪ್ಸರೆಯರು ಕರೆದೊಯ್ಯುತ್ತಿರುತ್ತಾರೆ. ಪ್ರಾಣ ಹೋದರೂ ಹಿಡಿತ ತಪ್ಪಲಿಲ್ಲ ಎಂಬುದು ಆ ಕಲ್ಲಿನ ವಾದ.

7. ಪಗಡೆಯ ಹಾಸು

ಆಳಿಗೂ ವಸ್ತುವಿಗೂ ನಡುವಿನ ಈ ಗೆರೆಯನ್ನು ಸೋಲು ದಾಟುವುದು ಜೂಜಿನಲ್ಲಿ ಮಾತ್ರ. ಪಣಕ್ಕಿಟ್ಟ ವಸ್ತು ದ್ವಿತೀಯಾ ವಿಭಕ್ತಿಯಲ್ಲಿ ಬಂದು ಸೋಲಿನ ಕರ್ಮವಾಗುತ್ತದೆ: ‘ರಾಜ್ಯವನ್ನು ಸೋತ’. ಪಂಪನಿಂದ ಕುಮಾರವ್ಯಾಸನವರೆಗೆ ಕನ್ನಡದ ಭಾರತಗಳು ದ್ಯೂತದ ಪ್ರಸಂಗವನ್ನು ಹೇಳುತ್ತ ಬಂದಿವೆ. ಇಂದು ಆ ಕಥೆಯನ್ನು ಹೇಳುವವರ ಬಾಯಲ್ಲಿ ಧರ್ಮರಾಯ ಮೂರು ಬಗೆಯಲ್ಲಿ ಸೋಲುತ್ತಾನೆ. ಮೊದಲು ಜೂಜಿಗೆ ಸೋತ, ಅದು ಮೋಹ. ಆಮೇಲೆ ಶಕುನಿಗೆ ಸೋತ, ಅದು ಪರಾಜಯ. ಕೊನೆಗೆ ತನ್ನನ್ನೇ ಸೋತ.

ಸಭೆಗೆ ದ್ರೌಪದಿ ಹಾಕಿದ ಪ್ರಶ್ನೆ ಈ ಮೂರನೆಯದರ ಮೇಲೆಯೇ ನಿಂತಿದೆ: ತನ್ನನ್ನು ಮೊದಲು ಸೋತನೋ, ನನ್ನನ್ನೋ? ತನ್ನ ಮೇಲೆ ತನಗೇ ಹಕ್ಕು ಉಳಿಯದವನು ಇನ್ನೊಬ್ಬರನ್ನು ಹೇಗೆ ಸೋತಾನು? ಅವಳ ಪ್ರಶ್ನೆ ನ್ಯಾಯದ್ದು. ಕನ್ನಡದಲ್ಲಿ ಅದು ಪದಾರ್ಥದ ಪ್ರಶ್ನೆಯೂ ಆಗುತ್ತದೆ. ಹಿಡಿತ ತಪ್ಪುವುದೇ ಈ ಧಾತುವಿನ ನಡುಬಿಂದು ಎನ್ನುವುದಾದರೆ ಬೇರೆಲ್ಲ ಸೋಲುಗಳಿಗಿಂತ ಮೊದಲು ಆಗಿರಬೇಕಾದದ್ದು ‘ತನ್ನನ್ನು ಸೋತ’ ಎಂಬುದೇ. ಸಭೆಯಲ್ಲಿ ಕೂತ ಹಿರಿಯರಿಗೆ ಉತ್ತರ ಹೊಳೆಯಲಿಲ್ಲ. ಅಂದು ಅವರ ಬಾಯೂ ಸೋತಿತ್ತು.