ಕಾಮಗಾರಿ ವಲಯದ ಸುರಕ್ಷತಾ ಸಾಧನಗಳು

ಕಾಮಗಾರಿ ವಲಯದ ಸುರಕ್ಷತಾ ಸಾಧನಗಳು ಎಂದರೆ ವಾಹನಗಳು ಓಡಾಡುತ್ತಿರುವ ರಸ್ತೆಯಲ್ಲಾಗಲಿ, ವಿಮಾನಗಳ ಹಾರಾಟ ನಡೆಯುತ್ತಿರುವ ನಿಲ್ದಾಣದಲ್ಲಾಗಲಿ ದುರಸ್ತಿ ಅಥವಾ ನಿರ್ಮಾಣ ಕಾರ್ಯ ನಡೆಯುವಾಗ ಬಳಸುವ ತಾತ್ಕಾಲಿಕ ಉಪಕರಣಗಳು. ಮುಂದಿರುವ ಅಡಚಣೆಯ ಬಗ್ಗೆ ಎಚ್ಚರಿಸುವುದು, ಸಂಚಾರಕ್ಕೆ ಬದಲಿ ದಾರಿ ತೋರಿಸುವುದು ಮತ್ತು ಕೆಲಸಗಾರರನ್ನು ಸಂಚಾರದಿಂದ ಬೇರ್ಪಡಿಸುವುದು ಇವುಗಳ ಉದ್ದೇಶ. ಶಂಕುಗಳು, ಬ್ಯಾರಿಕೇಡ್‌ಗಳು, ಕಾಂಕ್ರೀಟ್ ತಡೆಗೋಡೆಗಳು, ಸೂಚನಾ ಫಲಕಗಳು, ಮಿನುಗುವ ದೀಪಗಳು, ಬಾಣದ ಫಲಕಗಳು, ಪ್ರತಿಫಲಿಸುವ ಉಡುಪು ಮತ್ತು ರನ್‌ವೇ ಮುಚ್ಚಿದೆ ಎಂದು ತಿಳಿಸುವ ಅಡ್ಡಗೀಟಿನ ಗುರುತು ಇವುಗಳಲ್ಲಿ ಮುಖ್ಯವಾದವು.

ಈ ಸಾಧನಗಳು ಕೆಲಸಗಾರರಿಗಾಗಿ ಮಾತ್ರ ಇವೆ ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಅಮೆರಿಕದ ಅಂಕಿಅಂಶಗಳ ಪ್ರಕಾರ ರಸ್ತೆ ಕಾಮಗಾರಿ ವಲಯಗಳ ಅಪಘಾತಗಳಲ್ಲಿ ಮಡಿಯುವವರಲ್ಲಿ ಬಹುಪಾಲು ಜನ ವಾಹನ ಚಾಲಕರು ಮತ್ತು ಪ್ರಯಾಣಿಕರೇ ಆಗಿದ್ದಾರೆ.

ಇತಿಹಾಸ

ಸಂಚಾರ ಶಂಕುವಿನ ಹುಟ್ಟಿಗೆ ಒದ್ದೆ ಬಣ್ಣ ಕಾರಣ. ಲಾಸ್ ಏಂಜಲೀಸ್ ನಗರದಲ್ಲಿ ರಸ್ತೆಗೆ ಗೆರೆ ಬಳಿಯುವ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಡಿ. ಸ್ಕ್ಯಾನ್ಲನ್, ಹೊಸದಾಗಿ ಬಳಿದ ಗೆರೆಯ ಮೇಲೆ ವಾಹನ ಹತ್ತದಂತೆ ತಡೆಯಲು ರಬ್ಬರಿನ ಟೊಳ್ಳು ಶಂಕುವನ್ನು ರೂಪಿಸಿದನು. ಅದಕ್ಕೆ 1943ರಲ್ಲಿ ಪೇಟೆಂಟ್ ದೊರೆಯಿತು. ಅದುವರೆಗೆ ಬಳಕೆಯಲ್ಲಿದ್ದ ಮರದ ಅಡ್ಡಪಟ್ಟಿಗಳು ವಾಹನ ತಾಗಿದರೆ ಮುರಿಯುತ್ತಿದ್ದವು, ವಾಹನಕ್ಕೂ ಹಾನಿ ಮಾಡುತ್ತಿದ್ದವು. ಶಂಕುವಾದರೋ ತಾಗಿದಾಗ ಬಾಗಿ ಮತ್ತೆ ನೆಟ್ಟಗಾಗುತ್ತಿತ್ತು. ಒಂದರೊಳಗೊಂದು ಜೋಡಿಸಿ ಲಾರಿಯಲ್ಲಿ ಒಯ್ಯಬಹುದಾದ್ದರಿಂದ ಅದರ ಬಳಕೆ ಬೇಗ ಹರಡಿತು.

1939ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ತ್ರೀಎಂ ಕಂಪನಿಯ ಸ್ಕಾಚ್‌ಲೈಟ್ ಹಾಳೆಯನ್ನು ರಸ್ತೆ ಫಲಕಕ್ಕೆ ಮೊದಲ ಬಾರಿಗೆ ಅಂಟಿಸಲಾಯಿತು. ಪ್ರತಿದೀಪಕ ಬಣ್ಣಗಳನ್ನು ಅಮೆರಿಕದ ಸ್ವಿಟ್ಜರ್ ಸಹೋದರರು 1930ರ ದಶಕದಲ್ಲಿ ಅಭಿವೃದ್ಧಿಪಡಿಸಿದರು. ಉದ್ಯೋಗಸ್ಥಳದಲ್ಲಿ ಇಂಥ ಬಣ್ಣದ ಉಡುಪಿನ ಆರಂಭಿಕ ಪ್ರಯೋಗ ನಡೆದದ್ದು ರಸ್ತೆಯಲ್ಲಲ್ಲ, ರೈಲು ಹಳಿಯ ಮೇಲೆ. 1964ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವಿದ್ಯುದೀಕೃತ ರೈಲು ಮಾರ್ಗದ ಒಂದು ಭಾಗದಲ್ಲಿ ಹಳಿ ಕೆಲಸಗಾರರಿಗೆ ಕಿತ್ತಳೆ ಬಣ್ಣದ ಮೇಲಂಗಿ ತೊಡಿಸಿ ನೋಡಲಾಯಿತು.

ಕಾಂಕ್ರೀಟ್ ತಡೆಗೋಡೆಯನ್ನು ಅಮೆರಿಕದ ನ್ಯೂಜೆರ್ಸಿ ರಾಜ್ಯ 1955ರಲ್ಲಿ ಅಳವಡಿಸಿತು. ಹೀಗಾಗಿ ಅದಕ್ಕೆ ಜೆರ್ಸಿ ತಡೆಗೋಡೆ ಎಂಬ ಹೆಸರು ಬಂದಿದೆ. ಮೊದಲು ಗಿಡ್ಡಾಗಿದ್ದ ಈ ಗೋಡೆಯ ಎತ್ತರ ಕೆಲವೇ ವರ್ಷಗಳಲ್ಲಿ 32 ಇಂಚಿಗೆ, ಅಂದರೆ ಸುಮಾರು 81 ಸೆಂಟಿಮೀಟರಿಗೆ ಏರಿತು.

ಮರಳು ತುಂಬಿದ ಹಳದಿ ಪ್ಲಾಸ್ಟಿಕ್ ಪೀಪಾಯಿಗಳ ಸಾಲು ಜಾನ್ ಫಿಚ್ ಎಂಬ ಅಮೆರಿಕದ ಕಾರು ಪಂದ್ಯಗಾರನ ಕೊಡುಗೆ. 1955ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ ಮರ್ಸಿಡಿಸ್ ಕಾರೊಂದು ಪ್ರೇಕ್ಷಕರತ್ತ ಚಿಮ್ಮಿ 80ಕ್ಕೂ ಹೆಚ್ಚು ಜನ ಸತ್ತರು. ಆ ಕಾರಿನ ಇನ್ನೊಬ್ಬ ಸರದಿ ಚಾಲಕ ಫಿಚ್. ಅಪಘಾತದ ಹೊತ್ತಿಗೆ ಚಕ್ರದ ಮುಂದೆ ಕುಳಿತಿದ್ದವನು ಅವನ ಜೊತೆಗಾರ. ಆ ಬಳಿಕ ಫಿಚ್ ರಸ್ತೆ ಸುರಕ್ಷತೆಯತ್ತ ಗಮನ ಹರಿಸಿದನು. ಎರಡನೇ ಮಹಾಯುದ್ಧದಲ್ಲಿ ಶತ್ರು ವಿಮಾನಗಳ ಗುಂಡಿನಿಂದ ರಕ್ಷಣೆ ಪಡೆಯಲು ಡೇರೆಗಳ ಸುತ್ತ ಮರಳು ತುಂಬಿದ ಇಂಧನ ಡಬ್ಬಗಳನ್ನಿಡುತ್ತಿದ್ದುದು ಅವನ ಪೀಪಾಯಿಗಳಿಗೆ ಪ್ರೇರಣೆ.

ರಸ್ತೆ ಕಾಮಗಾರಿ ವಲಯದ ರಚನೆ

ಸಾಧನ ಯಾವುದು ಎನ್ನುವುದಕ್ಕಿಂತ ಅದನ್ನು ಎಲ್ಲಿಡಲಾಗಿದೆ ಎನ್ನುವುದೇ ಹೆಚ್ಚು ಮುಖ್ಯ. ಕಾಮಗಾರಿ ವಲಯವನ್ನು ಸಾಮಾನ್ಯವಾಗಿ ನಾಲ್ಕು ಭಾಗಗಳಾಗಿ ವಿಂಗಡಿಸುತ್ತಾರೆ. ಚಾಲಕನಿಗೆ ಮೊದಲು ಎದುರಾಗುವುದು ಮುನ್ನೆಚ್ಚರಿಕೆಯ ಭಾಗ. ಇಲ್ಲಿ ಫಲಕಗಳು ಮಾತ್ರ ಇರುತ್ತವೆ. ಅನಂತರ ವಾಹನಗಳನ್ನು ಒಂದು ಪಥದಿಂದ ಇನ್ನೊಂದಕ್ಕೆ ಓರೆಯಾಗಿ ಸರಿಸುವ ಪರಿವರ್ತನಾ ಭಾಗ, ಆಮೇಲೆ ಕೆಲಸದ ಭಾಗ, ಕೊನೆಗೆ ಸಂಚಾರ ಮೊದಲಿನ ಪಥಕ್ಕೆ ಮರಳುವ ಭಾಗ. ಕೆಲಸದ ಜಾಗಕ್ಕೆ ಮುಂಚೆ ಖಾಲಿ ಬಿಡುವ ಸ್ಥಳವೂ ಈ ವ್ಯವಸ್ಥೆಯ ಅಂಗ. ದಾರಿ ತಪ್ಪಿ ನುಗ್ಗಿದ ವಾಹನ ನಿಲ್ಲಲು ಅದು ಅವಕಾಶ ನೀಡುತ್ತದೆ. ಕೆಲಸಗಾರರು ಅಲ್ಲಿ ಜಲ್ಲಿ ರಾಶಿ ಹಾಕುವುದು ಅಥವಾ ಟಿಪ್ಪರ್ ನಿಲ್ಲಿಸುವುದು ಎಲ್ಲೆಡೆ ಕಾಣುವ ತಪ್ಪು.

ಪರಿವರ್ತನಾ ಭಾಗದ ಓರೆಯ ಉದ್ದವನ್ನು ವೇಗದಿಂದ ಲೆಕ್ಕ ಹಾಕುತ್ತಾರೆ. ಅಮೆರಿಕದ ಸಂಚಾರ ನಿಯಂತ್ರಣ ಸಾಧನಗಳ ಕೈಪಿಡಿಯಂತೆ ಗಂಟೆಗೆ 45 ಮೈಲಿ ಮತ್ತು ಅದಕ್ಕೂ ಹೆಚ್ಚಿನ ವೇಗದ ರಸ್ತೆಯಲ್ಲಿ ಮುಚ್ಚುವ ಪಥದ ಅಗಲವನ್ನು ಅಡಿಗಳಲ್ಲಿ ತೆಗೆದುಕೊಂಡು ವೇಗದಿಂದ ಗುಣಿಸಿದರೆ ಓರೆಯ ಉದ್ದ ಅಡಿಗಳಲ್ಲಿ ಸಿಗುತ್ತದೆ. 12 ಅಡಿ ಅಗಲದ ಪಥ, 60 ಮೈಲಿ ವೇಗ ಎಂದಾದರೆ 720 ಅಡಿ, ಅಂದರೆ ಸುಮಾರು 220 ಮೀಟರ್. 40 ಮೈಲಿ ಮತ್ತು ಅದಕ್ಕಿಂತ ಕಡಿಮೆ ವೇಗಕ್ಕೆ ಅಗಲವನ್ನು ವೇಗದ ವರ್ಗದಿಂದ ಗುಣಿಸಿ 60ರಿಂದ ಭಾಗಿಸಬೇಕು. ಇದರಂತೆ 30 ಮೈಲಿ ವೇಗದ ರಸ್ತೆಗೆ 180 ಅಡಿ, ಎಂದರೆ ಸುಮಾರು 55 ಮೀಟರ್ ಸಾಕು. ವೇಗ ಇಮ್ಮಡಿಯಾದರೆ ಬೇಕಾಗುವ ಉದ್ದ ನಾಲ್ಕು ಪಟ್ಟಾಗುವುದನ್ನು ಇಲ್ಲಿ ಗಮನಿಸಬಹುದು. ಹೆದ್ದಾರಿಯಲ್ಲಿ ಹತ್ತು ಹೆಜ್ಜೆಯೊಳಗೆ ನಾಲ್ಕು ಶಂಕುಗಳನ್ನಿಟ್ಟು ಪಥ ಮುಚ್ಚಿದರೆ ಆ ಶಂಕುಗಳು ಅಪಾಯವನ್ನು ತಪ್ಪಿಸುವುದಿಲ್ಲ, ಕಡೆಯ ಕ್ಷಣದಲ್ಲಿ ತೋರಿಸುತ್ತವೆ ಅಷ್ಟೇ.

ತೋರಿಸುವ ಸಾಧನಗಳು, ತಡೆಯುವ ಸಾಧನಗಳು

ಶಂಕು, ಪೀಪಾಯಿ, ಪಟ್ಟಿ, ಹಗುರ ಬ್ಯಾರಿಕೇಡ್ ಮುಂತಾದವು ದಾರಿ ತೋರಿಸುತ್ತವೆ. ವಾಹನವನ್ನು ತಡೆದು ನಿಲ್ಲಿಸುವ ಶಕ್ತಿ ಅವುಗಳಿಗಿಲ್ಲ, ಇರಲೂಬಾರದು. ಡಿಕ್ಕಿಯಾದಾಗ ಅವು ಸುಲಭವಾಗಿ ಬಾಗಬೇಕು ಇಲ್ಲವೆ ಉರುಳಬೇಕು. ಸಿಮೆಂಟು ತುಂಬಿದ ಡಬ್ಬ, ಮೇಲೆ ಕಲ್ಲು ಹೇರಿದ ಕಬ್ಬಿಣದ ಚೌಕಟ್ಟು ಇವು ಗಟ್ಟಿಯಾಗಿ ಕಂಡರೂ ಬೈಕ್ ಸವಾರನ ಪಾಲಿಗೆ ಮಾರಕ. ಗಾಳಿಗೆ ಬೀಳದಂತೆ ಭಾರ ಇಡಬೇಕಾದರೆ ಮರಳಿನ ಚೀಲವನ್ನು ಬುಡದಲ್ಲಿ, ನೆಲಮಟ್ಟದಲ್ಲಿ ಇಡುವುದು ರೂಢಿ.

ಅಮೆರಿಕದ ನಿಯಮದಂತೆ ಶಂಕುವಿನ ಕನಿಷ್ಠ ಎತ್ತರ 18 ಇಂಚು. ಹೆಚ್ಚು ವೇಗದ ರಸ್ತೆಗಳಲ್ಲಿ ಮತ್ತು ರಾತ್ರಿ ಹೊತ್ತು 28 ಇಂಚಿನದು ಬೇಕು, ಅದಕ್ಕೆ ಬೆಳಕು ಪ್ರತಿಫಲಿಸುವ ಬಿಳಿ ಪಟ್ಟಿಯೂ ಇರಬೇಕು.

ಆಳವಾದ ಗುಂಡಿ ತೋಡಿರುವಲ್ಲಿ ಅಥವಾ ಕೆಲಸಗಾರರು ಸಂಚಾರದ ಪಕ್ಕದಲ್ಲೇ ದಿನಗಟ್ಟಲೆ ಇರಬೇಕಾದಲ್ಲಿ ತಡೆಗೋಡೆ ಅಗತ್ಯ. ಜೆರ್ಸಿ ತಡೆಗೋಡೆಯ ವಿಶೇಷ ಅದರ ಇಳಿಜಾರಿನಲ್ಲಿದೆ. ಓರೆಯಾಗಿ ತಾಗಿದ ವಾಹನದ ಚಕ್ರ ಕೆಳಗಿನ ಇಳಿಜಾರನ್ನು ತುಸು ಏರಿ ಮತ್ತೆ ರಸ್ತೆಗೆ ಇಳಿಯುತ್ತದೆ. ವಾಹನ ಗೋಡೆಗುಂಟ ಸಾಗುವುದರಿಂದ ಹೊಡೆತದ ತೀವ್ರತೆ ತಗ್ಗುತ್ತದೆ. ಆದರೆ ಬಿಡಿಬಿಡಿಯಾಗಿಟ್ಟ ತುಂಡುಗಳು ಈ ಕೆಲಸ ಮಾಡಲಾರವು. ಅವನ್ನು ಒಂದಕ್ಕೊಂದು ಕೊಂಡಿಯಿಂದ ಬಿಗಿಯಬೇಕು. ಸಾಲಿನ ಮೊದಲ ತುಂಡಿನ ಬೋಳು ತುದಿ ಎದುರಿನಿಂದ ಬರುವ ವಾಹನಕ್ಕೆ ಬಂಡೆಯಂತೆ ನಿಂತಿರುವುದರಿಂದ ಅದರ ಮುಂದೆ ಮರಳಿನ ಪೀಪಾಯಿಗಳನ್ನೋ ಆಘಾತ ಹೀರುವ ಮೆತ್ತೆಯನ್ನೋ ಇಡಬೇಕಾಗುತ್ತದೆ. ಇಂಥದೇ ಮೆತ್ತೆಯನ್ನು ಲಾರಿಯ ಹಿಂಭಾಗಕ್ಕೆ ಜೋಡಿಸಿ, ನಿಧಾನವಾಗಿ ಮುಂದುವರಿಯುವ ಗೆರೆ ಬಳಿಯುವ ಅಥವಾ ಗುಂಡಿ ಮುಚ್ಚುವ ತಂಡದ ಹಿಂದೆ ಚಲಾಯಿಸುವುದೂ ಉಂಟು. ಪ್ಲಾಸ್ಟಿಕ್ ಬ್ಯಾರಿಕೇಡ್‌ಗಳಲ್ಲಿ ನೀರು ತುಂಬಬೇಕೆಂಬುದು ತಯಾರಕರ ಸೂಚನೆ. ಖಾಲಿ ಇಟ್ಟರೆ ಅವು ದೊಡ್ಡ ಶಂಕುಗಳಿಗಿಂತ ಹೆಚ್ಚಿನದೇನಲ್ಲ.

ಬಣ್ಣ ಮತ್ತು ಪ್ರತಿಫಲನ

ಹಗಲಿನಲ್ಲಿ ಕಾಣಿಸುವುದಕ್ಕೂ ರಾತ್ರಿ ಕಾಣಿಸುವುದಕ್ಕೂ ಬೇರೆ ಬೇರೆ ವಸ್ತುಗಳು ಬೇಕು. ಪ್ರತಿದೀಪಕ ಹಳದಿ-ಹಸಿರು ಮತ್ತು ಕಿತ್ತಳೆ ಬಣ್ಣಗಳು ಸೂರ್ಯನ ಬೆಳಕಿನಲ್ಲಿರುವ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ಹೀರಿ ಕಾಣುವ ಬೆಳಕಾಗಿ ಹೊರಸೂಸುತ್ತವೆ. ಮೋಡ ಕವಿದ ದಿನ, ಮುಸ್ಸಂಜೆ ಮತ್ತು ಮುಂಜಾವಿನಲ್ಲಿ ಅವು ಎದ್ದು ಕಾಣಲು ಇದೇ ಕಾರಣ. ಕತ್ತಲಾದ ಮೇಲೆ ಅವುಗಳಿಂದ ವಿಶೇಷ ಪ್ರಯೋಜನವಿಲ್ಲ. ಆಗ ಬೇಕಾಗುವುದು ಹಿಮ್ಮುಖ ಪ್ರತಿಫಲನ. ಕನ್ನಡಿ ಬೆಳಕನ್ನು ಬೇರೊಂದು ದಿಕ್ಕಿಗೆ ಕಳಿಸಿದರೆ, ಸೂಕ್ಷ್ಮ ಗಾಜಿನ ಮಣಿಗಳು ಅಥವಾ ಪ್ರಿಸಂಗಳಿರುವ ಹಾಳೆ ಬೆಳಕನ್ನು ಬಂದ ದಿಕ್ಕಿಗೇ ಹಿಂತಿರುಗಿಸುತ್ತದೆ. ಹೆಡ್‌ಲೈಟ್ ಮತ್ತು ಚಾಲಕನ ಕಣ್ಣು ಹತ್ತಿರವೇ ಇರುವುದರಿಂದ ಹಾಳೆ ಚಾಲಕನಿಗೆ ಹೊಳೆಯುವಂತೆ ಕಾಣುತ್ತದೆ. ಪಕ್ಕದಲ್ಲಿ ನಿಂತವರಿಗೆ ಮಂಕಾಗಿಯೇ ಇರುತ್ತದೆ. ಧೂಳು, ಡಾಂಬರು ಮೆತ್ತಿಕೊಂಡ ಅಂಗಿಯಲ್ಲಿ ಈ ಎರಡೂ ಗುಣಗಳು ಕುಗ್ಗುತ್ತವೆ. ಹಾಗಾಗಿ ಯುರೋಪಿನಲ್ಲೂ ಬಳಕೆಯಲ್ಲಿರುವ ಐಎಸ್ಒ 20471 ಮಾನದಂಡದ ಉಡುಪುಗಳ ಪರೀಕ್ಷೆಯಲ್ಲಿ ಒಗೆತದ ನಂತರದ ಗುಣಮಟ್ಟವನ್ನೂ ನೋಡಲಾಗುತ್ತದೆ.

ವಿಮಾನ ನಿಲ್ದಾಣಗಳಲ್ಲಿ

ರಸ್ತೆಯ ಸಾಧನಗಳನ್ನು ಹಾಗೆಯೇ ವಿಮಾನ ನಿಲ್ದಾಣಕ್ಕೆ ಒಯ್ಯಲಾಗದು. ವಿಮಾನದ ರೆಕ್ಕೆ ಮತ್ತು ಎಂಜಿನ್‌ಗಳು ನೆಲದಿಂದ ಹೆಚ್ಚು ಎತ್ತರದಲ್ಲಿರದ ಕಾರಣ ಬ್ಯಾರಿಕೇಡ್‌ಗಳು ಗಿಡ್ಡಾಗಿರಬೇಕು; ತಾಗಿದರೆ ಸುಲಭವಾಗಿ ಮುರಿಯಬೇಕು. ಜೆಟ್ ಎಂಜಿನ್ನಿನ ಹಿಂಗಾಳಿಗೆ ಹಾರಿಹೋಗದಷ್ಟು ಭಾರವೂ ಇರಬೇಕು. ಹಾರಿದ ಶಂಕು, ಬಿಚ್ಚಿದ ಬೋಲ್ಟು, ಹರಿದ ಪ್ಲಾಸ್ಟಿಕ್ ಹಾಳೆ ಯಾವುದೇ ಆಗಲಿ, ಎಂಜಿನ್ ಒಳಗೆ ಸೆಳೆಯಲ್ಪಟ್ಟರೆ ಅಪಾಯ. ಆದ್ದರಿಂದ ಪ್ರತಿ ಪಾಳಿಯ ಕೊನೆಯಲ್ಲಿ ರನ್‌ವೇಯನ್ನು ಗುಡಿಸಿ, ಪರಿಶೀಲಿಸಿದ ಬಳಿಕವೇ ಸಂಚಾರಕ್ಕೆ ಬಿಟ್ಟುಕೊಡುತ್ತಾರೆ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 14ನೇ ಅನುಬಂಧ ಈ ವಿಷಯದ ಮೂಲ ದಾಖಲೆ. ಬಳಕೆಗೆ ಯೋಗ್ಯವಲ್ಲದ ಜಾಗವನ್ನು ತೋರಿಸುವ ಶಂಕುಗಳು ಕನಿಷ್ಠ 0.5 ಮೀಟರ್ ಎತ್ತರವಿದ್ದು ಕೆಂಪು, ಕಿತ್ತಳೆ ಅಥವಾ ಹಳದಿ ಬಣ್ಣದಲ್ಲಿರಬೇಕು, ಇಲ್ಲವೆ ಇವುಗಳಲ್ಲೊಂದು ಬಿಳಿಯೊಡನೆ ಸೇರಿರಬೇಕು. ರಾತ್ರಿ ಬಳಸುವ ಗುರುತು ದೀಪಗಳು ಮಿನುಗದೆ ಒಂದೇ ಸಮನೆ ಉರಿಯುವ ಕೆಂಪು ದೀಪಗಳು. ಮುಚ್ಚಿದ ರನ್‌ವೇ ಮೇಲೆ ಗುಣಾಕಾರ ಚಿಹ್ನೆಯಂಥ ದೊಡ್ಡ ಬಿಳಿ ಗುರುತನ್ನೂ ಟ್ಯಾಕ್ಸಿವೇ ಮೇಲೆ ಅದೇ ಆಕಾರದ ಹಳದಿ ಗುರುತನ್ನೂ ಹಾಕಬೇಕು. ಮುಚ್ಚಿದ ಭಾಗದ ದೀಪಗಳನ್ನು ನಿರ್ವಹಣೆಗೆ ಹೊರತು ಬೆಳಗಿಸಬಾರದು. ಅದನ್ನು ರಾತ್ರಿ ಬಳಕೆಯಲ್ಲಿರುವ ರನ್‌ವೇ ಅಥವಾ ಟ್ಯಾಕ್ಸಿವೇ ಹಾದುಹೋಗುತ್ತಿದ್ದರೆ ಮುಚ್ಚಿದ ಭಾಗದ ಪ್ರವೇಶಕ್ಕೆ ಅಡ್ಡಲಾಗಿ 3 ಮೀಟರಿಗೆ ಮೀರದ ಅಂತರದಲ್ಲಿ ಕೆಂಪು ದೀಪಗಳನ್ನಿಡಬೇಕು. ಇದೆಲ್ಲದರ ಜೊತೆಗೆ ನೋಟಾಂ ಎಂಬ ಲಿಖಿತ ಪ್ರಕಟಣೆಯ ಮೂಲಕ ವೈಮಾನಿಕರಿಗೆ ಮೊದಲೇ ತಿಳಿಸಲಾಗುತ್ತದೆ.

ಎರಡು ದುರಂತಗಳು

1979ರ ಅಕ್ಟೋಬರ್ 31ರಂದು ವೆಸ್ಟರ್ನ್ ಏರ್‌ಲೈನ್ಸ್ ಸಂಸ್ಥೆಯ ಡಿಸಿ-10 ವಿಮಾನ ಮೆಕ್ಸಿಕೋ ನಗರದಲ್ಲಿ ಮಂಜು ಕವಿದ ಮುಂಜಾನೆ ದುರಸ್ತಿಗಾಗಿ ಮುಚ್ಚಿದ್ದ ರನ್‌ವೇ ಮೇಲೆ ಇಳಿಯಿತು. ಅದು ಅಲ್ಲಿದ್ದ ಕಾಮಗಾರಿ ವಾಹನಕ್ಕೆ ಬಡಿದು, ವಿಮಾನದಲ್ಲಿದ್ದ 88 ಜನರಲ್ಲಿ 72 ಮಂದಿ ಮತ್ತು ಆ ವಾಹನದಲ್ಲಿದ್ದ ಕೆಲಸಗಾರ ಮಡಿದರು.

ಸರಿಯಾಗಿ 21 ವರ್ಷಗಳ ನಂತರ, 2000ದ ಅಕ್ಟೋಬರ್ 31ರ ರಾತ್ರಿ, ತೈವಾನಿನ ತೈಪೆಯಿಂದ ಲಾಸ್ ಏಂಜಲೀಸ್‌ಗೆ ಹೊರಟಿದ್ದ ಸಿಂಗಾಪುರ ಏರ್‌ಲೈನ್ಸ್‌ನ ಬೋಯಿಂಗ್ 747-400 ವಿಮಾನ ಸಮೀಪಿಸುತ್ತಿದ್ದ ಚಂಡಮಾರುತದ ಗಾಳಿಮಳೆಯಲ್ಲಿ ರನ್‌ವೇಗೆ ಸಾಗಿತು. ಅದಕ್ಕೆ ಅನುಮತಿ ದೊರೆತದ್ದು 05 ಎಡ ರನ್‌ವೇಯಿಂದ. ವಿಮಾನ ತಿರುಗಿದ್ದು ಅದಕ್ಕೆ ಸಮಾನಾಂತರವಾಗಿದ್ದ 05 ಬಲ ರನ್‌ವೇಗೆ. ಅದರ ಒಂದು ಭಾಗ ಕಾಮಗಾರಿಗಾಗಿ ಮುಚ್ಚಿತ್ತು. ಉಳಿದ ಭಾಗ ವಿಮಾನಗಳ ಓಡಾಟಕ್ಕೆ ಟ್ಯಾಕ್ಸಿವೇಯಂತೆ ಬಳಕೆಯಲ್ಲಿತ್ತು. ಮುಚ್ಚಿರುವ ವಿಷಯ ನೋಟಾಂನಲ್ಲಿ ಪ್ರಕಟವಾಗಿತ್ತು, ಸಿಬ್ಬಂದಿಗೂ ಗೊತ್ತಿತ್ತು. ವೇಗ ಪಡೆದ ವಿಮಾನ ರನ್‌ವೇ ಮಧ್ಯದಲ್ಲಿದ್ದ ಕಾಂಕ್ರೀಟ್ ತಡೆಗೋಡೆ ಮತ್ತು ಅಗೆಯುವ ಯಂತ್ರಗಳಿಗೆ ಅಪ್ಪಳಿಸಿ ತುಂಡಾಗಿ ಹೊತ್ತಿ ಉರಿಯಿತು. 179 ಜನರಲ್ಲಿ 83 ಮಂದಿ ಸತ್ತರು.

ತೈವಾನಿನ ತನಿಖಾ ಮಂಡಳಿ 2002ರ ವರದಿಯಲ್ಲಿ, ಸರಿಯಾದ ರನ್‌ವೇ ಎಂದು ಖಚಿತಪಡಿಸಿಕೊಳ್ಳದೆ ಹೊರಟ ಚಾಲಕ ಸಿಬ್ಬಂದಿಯ ಲೋಪವನ್ನು ಮುಖ್ಯವಾಗಿ ಗುರುತಿಸಿತು. ಜೊತೆಗೆ ನಿಲ್ದಾಣದ ಕೊರತೆಗಳನ್ನೂ ಪಟ್ಟಿಮಾಡಿತು. ಮುಚ್ಚಿದ ರನ್‌ವೇ ಆರಂಭದಲ್ಲಿ ಅಡ್ಡಗೀಟಿನ ಗುರುತಾಗಲಿ ಬ್ಯಾರಿಕೇಡ್ ಆಗಲಿ ಇರಲಿಲ್ಲ. ತಪ್ಪು ರನ್‌ವೇಯತ್ತ ಒಯ್ಯುವ ಹಸಿರು ದೀಪಗಳು ಒತ್ತಾಗಿದ್ದವು. ಸರಿಯಾದ ರನ್‌ವೇಯತ್ತ ಒಯ್ಯುವ ದೀಪಗಳು ವಿರಳವಾಗಿದ್ದವು, ಅವುಗಳಲ್ಲೂ ಒಂದು ಕೆಟ್ಟಿತ್ತು, ಇನ್ನೊಂದು ಮಂಕಾಗಿತ್ತು. ನಿಲ್ದಾಣದ ಕೊರತೆಗಳಿಗೆ ಸಾಕಷ್ಟು ಮಹತ್ವ ನೀಡಿಲ್ಲವೆಂದು ಸಿಂಗಾಪುರ ಆಕ್ಷೇಪಿಸಿತು. ಹೊಣೆ ಯಾರದೆಂಬ ವಾದ ಏನೇ ಇರಲಿ, ಸಾಧನಗಳ ದೃಷ್ಟಿಯಿಂದ ಚಿತ್ರ ಸ್ಪಷ್ಟವಾಗಿದೆ: ಗಟ್ಟಿಯಾದ ತಡೆ ಇದ್ದದ್ದು ಕೆಲಸದ ಜಾಗದಲ್ಲಿ, ಎಚ್ಚರಿಕೆ ಬೇಕಾಗಿದ್ದದ್ದು ತಿರುವಿನಲ್ಲಿ.

ಭಾರತದಲ್ಲಿ

ಭಾರತದ ರಸ್ತೆ ಕಾಮಗಾರಿಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಟಿಸಿದ ಐಆರ್‌ಸಿ ಎಸ್‌ಪಿ 55 ಮಾರ್ಗಸೂಚಿ ಅನ್ವಯಿಸುತ್ತದೆ. 2001ರಲ್ಲಿ ಹೊರಬಂದ ಇದನ್ನು 2014ರಲ್ಲಿ ಪರಿಷ್ಕರಿಸಲಾಯಿತು. ಗುದ್ದಲಿ ಹಿಡಿದು ಮಣ್ಣು ಅಗೆಯುವ ಮನುಷ್ಯನ ಚಿತ್ರವಿರುವ ಕೆಂಪಂಚಿನ ತ್ರಿಕೋನ ಫಲಕ ಇಲ್ಲಿ ಎಲ್ಲರಿಗೂ ಪರಿಚಿತ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಿಂದ ಸೇರಿದ 198ಎ ಕಲಮಿನ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯ ನಿಗದಿತ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರ ಪ್ರಾಧಿಕಾರ, ಗುತ್ತಿಗೆದಾರ ಅಥವಾ ಸಲಹೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಆಚರಣೆ ಮಾತ್ರ ಊರಿಂದೂರಿಗೆ ಬದಲಾಗುತ್ತದೆ. ಬೆಂಗಳೂರಿನ ಮೆಟ್ರೋ ಮಾರ್ಗಗಳಲ್ಲಿ ಆಳೆತ್ತರದ ತಗಡಿನ ಬ್ಯಾರಿಕೇಡ್‌ಗಳ ಉದ್ದನೆಯ ಸಾಲು ಕಂಡರೆ, ಸಣ್ಣ ಊರುಗಳ ರಸ್ತೆಗಳಲ್ಲಿ ಕೆಂಪು ಬಟ್ಟೆ ಕಟ್ಟಿದ ಕೋಲು, ಸುಣ್ಣ ಬಳಿದ ಕಲ್ಲುಗಳ ಸಾಲು ಮತ್ತು ಹಸಿರು ಸೊಪ್ಪಿನ ಕೊಂಬೆ ಇಂದಿಗೂ ಇದೇ ಕೆಲಸ ಮಾಡುತ್ತವೆ. ಸೊಪ್ಪಿನ ಕೊಂಬೆ ಹಗಲಿನಲ್ಲಿ ಕಾಣುತ್ತದೆ, ತಾಗಿದರೂ ಹಾನಿಯಿಲ್ಲ. ಕಲ್ಲುಗಳು ಹಾಗಲ್ಲ, ಕೆಲಸ ಮುಗಿದ ಮೇಲೂ ರಸ್ತೆಯಲ್ಲೇ ಉಳಿದು ರಾತ್ರಿ ದ್ವಿಚಕ್ರ ಸವಾರರನ್ನು ಬೀಳಿಸುತ್ತವೆ.

ವಿಮಾನ ನಿಲ್ದಾಣಗಳ ಮೇಲ್ವಿಚಾರಣೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ್ದು. ಒಂದೇ ರನ್‌ವೇ ಇರುವ ನಿಲ್ದಾಣಗಳಲ್ಲಿ ಹಾರಾಟವನ್ನೂ ಕಾಮಗಾರಿಯನ್ನೂ ಹೊತ್ತಿನ ಲೆಕ್ಕದಲ್ಲಿ ಹಂಚಬೇಕಾಗುತ್ತದೆ. 2023ರಲ್ಲಿ ಮಂಗಳೂರು ನಿಲ್ದಾಣದ ಗುಡ್ಡದ ಮೇಲಿನ ರನ್‌ವೇಗೆ ಮರುಡಾಂಬರೀಕರಣ ನಡೆದಾಗ ಹಗಲಿನಲ್ಲಿ ಅದನ್ನು ಮುಚ್ಚಿ, ಸಂಜೆಯ ನಂತರ ವಿಮಾನಗಳಿಗೆ ತೆರೆಯಲಾಗುತ್ತಿತ್ತು.